ಹಾಲಿನ ಲೆಕ್ಕ, ಆರೈಕೆಯ ಲೆಕ್ಕ



ಮೊದಲಿಗೆ ನಿಮಗೊಂದು ಪ್ರಶ್ನೆ. ನಿಮ್ಮ ಅಡುಗೆಮನೆ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇದೆಯಲ್ಲ, ಅದರಲ್ಲಿ ಏನೇನು ಬರೆದಿದ್ದೀರಿ? ಹಾಲಿನವನು ಯಾವತ್ತು ಅರ್ಧ ಲೀಟರ್ ಜಾಸ್ತಿ ಹಾಕಿದ, ಯಾವತ್ತು ಬರಲೇ ಇಲ್ಲ, ಗ್ಯಾಸ್ ಸಿಲಿಂಡರ್ ಯಾವತ್ತು ಬಂತು, ಇಸ್ತ್ರಿಯವನಿಗೆ ಎಷ್ಟು ಬಟ್ಟೆ ಹೋಯಿತು. ತಿಂಗಳ ಕೊನೆಗೆ ಹಾಲಿನವನು ಎರಡು ಲೀಟರ್ ಹೆಚ್ಚಿಗೆ ಹೇಳಿದರೆ ನಾವು ಸುಮ್ಮನೆ ಬಿಡುತ್ತೇವೆಯೇ? ಕ್ಯಾಲೆಂಡರ್ ಇಳಿಸಿ ತೋರಿಸುತ್ತೇವೆ. ಆದರೆ ಹಾಸಿಗೆ ಹಿಡಿದ ಅಪ್ಪನನ್ನೋ ಅಮ್ಮನನ್ನೋ ನೋಡಿಕೊಳ್ಳಲು ತಿಂಗಳಿಗೆ ಮೂವತ್ತು ನಲವತ್ತು ಸಾವಿರ ಕೊಟ್ಟು ಜನ ಇಟ್ಟುಕೊಂಡಾಗ ಈ ಲೆಕ್ಕ ಬರೆಯುವುದಿಲ್ಲ. ಬರೆದರೆ ಅವರಿಗೆ ಎಲ್ಲಿ ಬೇಜಾರಾಗುತ್ತದೋ ಅನ್ನುವ ಸಂಕೋಚ. ಇವತ್ತಿನ ನನ್ನ ಮಾತು ಹೀಗೆ ಬರೆಯದೆ ಬಿಟ್ಟ ಲೆಕ್ಕದ ಬಗ್ಗೆ.

ನಮ್ಮ ಕಾರ್ಯಕ್ರಮ ಕೇಳುವವರಲ್ಲಿ ಅನೇಕರು ಮಹಾನಗರದಲ್ಲಿ ದುಡಿಯುವವರು. ತಂದೆ ತಾಯಿ ಇರುವುದು ಬೇರೆ ಊರಲ್ಲಿ. ಆ ಊರು ಯಾವಾಗಲೂ ಧಾರವಾಡವೋ ಹಾಸನವೋ ಆಗಿರಬೇಕಿಲ್ಲ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಎಚ್‌ಎಎಲ್, 1964ರಲ್ಲಿ ನಾಸಿಕದ ಹತ್ತಿರ ಓಝರ್‌ನಲ್ಲಿ ಮಿಗ್ ವಿಮಾನಗಳ ಕಾರ್ಖಾನೆ ತೆರೆಯಿತು. ಬೆಂಗಳೂರಿನ ಮೈಕೋ ಕಂಪನಿ, ಅಂದರೆ ಈಗಿನ ಬಾಷ್, ಅದೂ ನಾಸಿಕಕ್ಕೆ ಬಂತು. ಈ ಕಡೆ ಸಂಭಾಜಿನಗರದಲ್ಲಿ, ಅಂದರೆ 2023ರವರೆಗೆ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದ ಊರಿನಲ್ಲಿ, ವಾಳುಜ್ ಮತ್ತು ಚಿಕಲ್‌ಠಾಣಾ ಕೈಗಾರಿಕಾ ಪ್ರದೇಶಗಳು ಬೆಳೆದವು. ನೌಕರಿಗೆಂದು ಹೋದ ಎಷ್ಟೋ ಕನ್ನಡ ಕುಟುಂಬಗಳು ಅಲ್ಲೇ ಮನೆ ಕಟ್ಟಿಕೊಂಡು, ನಿವೃತ್ತರಾಗಿ ಅಲ್ಲೇ ಉಳಿದವು. ಮಕ್ಕಳು ಮುಂಬೈಗೋ ಪುಣೆಗೋ ಬೆಂಗಳೂರಿಗೋ ಹೋದರು. ಈಗ ಆ ಮನೆಗಳಲ್ಲಿ ಇಬ್ಬರು ವಯಸ್ಸಾದವರು, ಕೆಲವು ಕಡೆ ಒಬ್ಬರೇ.

ನನ್ನ ಸೋದರಮಾವನ ಮನೆಯೂ ಹಾಗೆಯೇ. ಓಝರ್‌ನಲ್ಲಿ ಕೆಲಸ ಮಾಡಿ ನಾಸಿಕದಲ್ಲಿ ನೆಲೆಸಿದವರು. ಮಗ ಅಮೆರಿಕದಲ್ಲಿ. 2023ರ ಮಳೆಗಾಲದಲ್ಲಿ, 78ನೇ ವಯಸ್ಸಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ನಾನೂ ಅಲ್ಲಿದ್ದೆ. ಬಿಲ್ ಕಟ್ಟುವ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಮನುಷ್ಯ ಬಂದು ಕೈಗೊಂದು ಕಾರ್ಡ್ ಕೊಟ್ಟ. ಅಲ್ಲಿನ ಜನ ‘ನರ್ಸಿಂಗ್ ಬ್ಯೂರೋ’ ಅನ್ನುತ್ತಾರಲ್ಲ, ಅಂಥದ್ದು. “ಟ್ರೈನ್ಡ್ ಸಿಸ್ಟರ್, 12 ಗಂಟೆ ಡ್ಯೂಟಿ, ದಿನಕ್ಕೆ 1,200. ಒಂದು ತಿಂಗಳ ದುಡ್ಡು ಮೊದಲೇ ಕೊಡಬೇಕು” ಎಂದ. ಅತ್ತೆಯ ಮುಖ ನೋಡಿದೆ, ನಾಲ್ಕು ರಾತ್ರಿ ನಿದ್ದೆ ಇರಲಿಲ್ಲ ಅವರಿಗೆ. ಅಲ್ಲೇ ನಿಂತು ಮೊಬೈಲಿನಲ್ಲಿ 36,000 ರೂಪಾಯಿ ಕಳಿಸಿದೆ. ದುಡ್ಡು ಕಳಿಸುವಾಗ ಪರದೆಯ ಮೇಲೆ ಬ್ಯೂರೋದ ಹೆಸರು ಬರಲಿಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂತು. ನೋಡಿಯೂ ನೋಡದವನಂತೆ ಒತ್ತಿಬಿಟ್ಟೆ. ರಾತ್ರಿ ರೈಲಿಗೆ ಮುಂಬೈಗೆ ಮರಳಿದೆ.

ಮೊದಲ ವಾರ ಒಬ್ಬಳು ಸಿಸ್ಟರ್, ಎರಡನೇ ವಾರ ಮತ್ತಿಬ್ಬರು, ಆಮೇಲೆ ನಾಲ್ಕನೆಯವಳು. ನಡುವೆ ಯಾರೂ ಬಾರದ ದಿನಗಳು. ಮಾವನಿಗೆ ನುಂಗಲು ಆಗುತ್ತಿರಲಿಲ್ಲ, ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿದ್ದರು. ಆ ನಾಲ್ಕನೆಯ ಹುಡುಗಿ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಗಂಜಿಯ ಲೋಟ ಹಿಡಿದು ನಿಂತುಕೊಂಡು ಅತ್ತೆಯನ್ನು ಕೇಳಿದಳಂತೆ: “ಕಾಕೂ, ಹೇ ಕಸಂ ಕರಾಯಚಂ?” ಇದನ್ನು ಹೇಗೆ ಮಾಡುವುದು ಅಂತ. ಕೇಳಿದಳಲ್ಲ, ಅದು ನಮ್ಮ ಪುಣ್ಯ. ಮಲಗಿಸಿಕೊಂಡೇ ಗಂಜಿ ಹಾಕಿದರೆ, ಅಥವಾ ನಳಿಗೆ ಜಾರಿರುವುದನ್ನು ನೋಡದೆ ಹಾಕಿದರೆ, ಅದು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು. ಅತ್ತೆ ಅವಳನ್ನು ಕೂರಿಸಿ ಚಹಾ ಕೊಟ್ಟು ವಿಚಾರಿಸಿದರು. ಹಿಂದಿನ ವಾರದವರೆಗೆ ಅವಳು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನಾವು ಕೊಡುತ್ತಿದ್ದ 1,200ರಲ್ಲಿ ಅವಳ ಕೈಗೆ ಸಿಗುತ್ತಿದ್ದುದು 450.

ತಿಂಗಳ ಕೊನೆಗೆ ಬಿಲ್ ಬಂತು. 30 ದಿನದ ಡ್ಯೂಟಿ, ಜೊತೆಗೆ 500 ರೂಪಾಯಿಯಂತೆ 10 ಸಲ ಫಿಜಿಯೋಥೆರಪಿ. ಆಗ ಅತ್ತೆ ಕ್ಯಾಲೆಂಡರ್ ಇಳಿಸಿದರು. ಹಾಲಿನ ಲೆಕ್ಕದ ಪಕ್ಕದಲ್ಲೇ, ಯಾರೂ ಹೇಳಿಕೊಡದೆ, ಸಿಸ್ಟರ್ ಬಂದ ದಿನಕ್ಕೆಲ್ಲ ಒಂದು ‘ಸಿ’, ವ್ಯಾಯಾಮ ಮಾಡಿಸುವವನು ಬಂದ ದಿನಕ್ಕೆ ಒಂದು ‘ಫಿ’ ಬರೆದಿದ್ದರು. ‘ಸಿ’ ಇದ್ದದ್ದು 21, ‘ಫಿ’ ಇದ್ದದ್ದು 4. ಲೆಕ್ಕ ಹಾಕಿದರೆ 13,800 ರೂಪಾಯಿ ಸುಳ್ಳು ಬಿಲ್. ನಾನು ಫೋನ್ ಮಾಡಿ ಕೇಳಿದೆ. ಬ್ಯೂರೋದವನು ಮೊದಲು ನಕ್ಕ, ಆಮೇಲೆ ಗದರಿದ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ನಾವೇನು ಮಾಡಿದೆವು? ಏನೂ ಮಾಡಲಿಲ್ಲ. “ಹೋಗಲಿ ಬಿಡೋ, ನಿಮ್ಮ ಮಾವನಿಗೆ ಗೊತ್ತಾದರೆ ನೊಂದ್ಕೊಳ್ತಾರೆ. ಅವರ ಜನಕ್ಕೆ ನಮ್ಮ ಮನೆ ಗೊತ್ತು, ನಾನು ಒಬ್ಬಳೇ ಇರೋಳು” ಎಂದರು ಅತ್ತೆ. ನನಗೂ ಆಫೀಸು, ಅದೂ ಇದೂ. ಊರ ಉಸಾಬರಿ ನಮಗೇಕೆ ಎಂದು ಸುಮ್ಮನಾದೆ. ಕ್ಯಾಲೆಂಡರಿನ ಆ ಹಾಳೆಯದೊಂದು ಫೋಟೋ ಮಾತ್ರ ಮೊಬೈಲಿನಲ್ಲಿ ಉಳಿಯಿತು.

ಒಂದು ವರ್ಷ ಕಳೆಯಿತು. 2024ರ ಆಗಸ್ಟ್‌ನಲ್ಲಿ ಮಾವನ ಹಳೆಯ ಸಹೋದ್ಯೋಗಿಯೊಬ್ಬರ ಮಗಳು ಸಂಭಾಜಿನಗರದಿಂದ ಫೋನ್ ಮಾಡಿದಳು. ಶಾಲೆಯಲ್ಲಿ ಟೀಚರ್. ತಾಯಿ ಸೊಂಟದ ಮೂಳೆ ಮುರಿದು ಮಲಗಿದ್ದರು. ಅವಳೂ ಒಂದು ಬ್ಯೂರೋಗೆ 40,000 ರೂಪಾಯಿ ಮುಂಗಡ ಕೊಟ್ಟಿದ್ದಳು. ಹಗಲು ಅವಳು ಶಾಲೆಗೆ ಹೋದಾಗ ಬಂದ ಹೆಂಗಸು ಟಿವಿ ನೋಡಿಕೊಂಡು ಕೂತಿರುತ್ತಿದ್ದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಹತ್ತು ದಿನದಲ್ಲಿ ತಾಯಿಯ ಬೆನ್ನ ಕೆಳಗೆ ಹಾಸಿಗೆ ಹುಣ್ಣು. ಹನ್ನೊಂದನೇ ದಿನ ಆ ಹೆಂಗಸೂ ಇಲ್ಲ, ಬ್ಯೂರೋ ಫೋನೂ ಇಲ್ಲ. “ಅಣ್ಣಾ, ನಿಮಗೂ ಹೀಗೇ ಆಗಿತ್ತಂತಲ್ಲ” ಎಂದು ಕಾರ್ಡಿನ ಫೋಟೋ ಕಳಿಸಿದಳು. ಬ್ಯೂರೋದ ಹೆಸರು ಬೇರೆ. ದುಡ್ಡು ಹೋದ ಖಾತೆಯ ಹೆಸರು, ಮೊಬೈಲ್ ನಂಬರ್ ಎರಡೂ ಅವೇ.

ಬಂಧುಗಳೇ, ಆ ಹುಣ್ಣಿನಲ್ಲಿ ನನ್ನದೂ ಒಂದು ಪಾಲಿದೆ ಎಂದು ನನಗೆ ಅನ್ನಿಸಿತು. ಈಗಲೂ ಅನ್ನಿಸುತ್ತದೆ. ನಾವು ನುಂಗಿಕೊಂಡ 13,800 ರೂಪಾಯಿ ನಮ್ಮ ಮನೆಯಲ್ಲೇ ಮುಗಿದ ನಷ್ಟ ಅಂದುಕೊಂಡಿದ್ದೆ. ಅದು ಮುಂದಿನ ಮನೆಗೆ ಹೋಗಲು ಅವನಿಗೆ ನಾವೇ ಕೊಟ್ಟ ಪ್ರಯಾಣದ ಖರ್ಚಾಗಿತ್ತು.

ಆ ಹುಡುಗಿ ನನ್ನಂತೆ ಸುಮ್ಮನೆ ಕೂರಲಿಲ್ಲ. ಅವಳು ಏನು ಮಾಡಿದಳು ಎಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು, ಮೋಸ ನಡೆಯುವ ದಾರಿಗಳು ಯಾವುವು, ನೋಡೋಣ.

ಮೊದಲನೆಯದು, ಇಲ್ಲದ ಓದಿನ ಹೆಸರು. ‘ಸಿಸ್ಟರ್’ ಎಂದು ಕರೆದ ಮಾತ್ರಕ್ಕೆ ನರ್ಸ್ ಆಗುವುದಿಲ್ಲ. ನರ್ಸ್ ಅಂದರೆ ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ, ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡವರು. ಅಲ್ಲಿನ 1966ರ ನರ್ಸಸ್ ಕಾಯ್ದೆಯ ಪ್ರಕಾರ ನೋಂದಣಿ ನಂಬರ್ ಇರುತ್ತದೆ, ಕೇಳಿ ಪಡೆಯಿರಿ. ಕೆಲವು ತಿಂಗಳ ತರಬೇತಿ ಪಡೆದ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಅಂತ ಇರುತ್ತಾರೆ. ಸ್ನಾನ, ಊಟ, ಮಗ್ಗುಲು ಬದಲಿಸುವುದು ಇವೆಲ್ಲ ಅವರು ಚೆನ್ನಾಗಿ ಮಾಡಬಹುದು, ಆದರೆ ಇಂಜೆಕ್ಷನ್ ಅವರ ಕೆಲಸವಲ್ಲ. ಇನ್ನು ತರಬೇತಿಯೇ ಇಲ್ಲದ ಸಹಾಯಕಿಯರು. ಅಲ್ಲಿ ‘ಮಾವಶಿ’ ಎನ್ನುತ್ತಾರೆ. ಮೂವರೂ ಬೇಕಾದವರೇ. ಮಾವಶಿಯನ್ನು ಕಳಿಸಿ ನರ್ಸಿನ ದುಡ್ಡು ಕೇಳುವುದು ಮೋಸ. ಕೆಲವು ಬ್ಯೂರೋದವರು ಗೋಡೆಗೆ ತೂಗುಹಾಕಿದ ಗುಮಾಸ್ತಾ ಲೈಸನ್ಸ್ ತೋರಿಸಿ “ಸರ್ಕಾರಿ ಮಾನ್ಯತೆ” ಎನ್ನುತ್ತಾರೆ. ಗುಮಾಸ್ತಾ ಎಂದರೆ ಅಂಗಡಿ ತೆರೆದಿದ್ದೇವೆ ಎನ್ನುವ ಕಾಗದ ಅಷ್ಟೆ. ಚಪ್ಪಲಿ ಅಂಗಡಿಗೂ ಅದೇ, ಬ್ಯೂರೋಗೂ ಅದೇ.

ಎರಡನೆಯದು, ಬಾರದ ದಿನಗಳ ಬಿಲ್. ಇದು ನಮ್ಮ ಮನೆಯಲ್ಲಿ ಆದದ್ದು.

ಮೂರನೆಯದು, ಮುಂಗಡ ಪಡೆದು ಮಾಯವಾಗುವುದು. 2021ರ ಎರಡನೇ ಅಲೆಯಲ್ಲಿ ದೇಶದ ತುಂಬ ಜನ ಇದನ್ನು ಕಂಡರು. ಆಕ್ಸಿಜನ್ ಸಿಲಿಂಡರ್ ಮನೆಗೆ ತಲುಪಿಸುತ್ತೇವೆ, ಇಂಜೆಕ್ಷನ್ ತಂದುಕೊಡುತ್ತೇವೆ ಎಂದು ಫೋನಿನಲ್ಲೇ ಹಣ ಹಾಕಿಸಿಕೊಂಡು ನಂಬರ್ ಆಫ್ ಮಾಡಿದವರು ಎಷ್ಟು ಜನ! ಗಾಬರಿಯಲ್ಲಿರುವವನು ವಿಚಾರಿಸುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಕೋವಿಡ್ ಹೋಯಿತು, ಆ ವಿದ್ಯೆ ಉಳಿಯಿತು.

ನಾಲ್ಕನೆಯದು, ಖಾಲಿ ಕಾಗದದ ಮೇಲಿನ ಸಹಿ. “ಆಜೋಬಾ, ಇಲ್ಲೊಂದು ಸಹಿ ಹಾಕಿ” ಎಂದು ತಿಂಗಳಿಡೀ ಬಂದುಹೋದ ಹಾಳೆಗೆ ಒಂದೇ ದಿನ ಸಹಿ ಮಾಡಿಸಿಕೊಳ್ಳುತ್ತಾರೆ. ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಡಲ್ಲಾಸ್ ಬಳಿ ಒಬ್ಬ ವೈದ್ಯ, ಮನೆ ಆರೈಕೆ ಬೇಕಿಲ್ಲದ ಸಾವಿರಾರು ವೃದ್ಧರಿಗೆ ಬೇಕು ಎಂದು ಕಾಗದದಲ್ಲಿ ಬರೆದು, ಅಲ್ಲಿನ ಸರ್ಕಾರಿ ವಿಮೆಗೆ ಸುಮಾರು 37.5 ಕೋಟಿ ಡಾಲರ್ ಸುಳ್ಳು ಬಿಲ್ ಹೋಗುವಂತೆ ಮಾಡಿದ. 2012ರಲ್ಲಿ ಸಿಕ್ಕಿಬಿದ್ದು 2017ರಲ್ಲಿ 35 ವರ್ಷ ಶಿಕ್ಷೆಯಾಯಿತು. ಅಲ್ಲಿ ಸರ್ಕಾರದ ದುಡ್ಡು, ಇಲ್ಲಿ ನಮ್ಮ ಪೆನ್ಷನ್ ದುಡ್ಡು. ಹಾದಿ ಒಂದೇ: ಕಾಗದದಲ್ಲಿ ಆರೈಕೆ, ಮಂಚದ ಪಕ್ಕ ಯಾರೂ ಇಲ್ಲ. ನಿಮ್ಮ ವಿಮೆಯಲ್ಲಿ ಮನೆಯಲ್ಲೇ ಪಡೆಯುವ ಚಿಕಿತ್ಸೆಗೂ ಹಣ ಸಿಗುವಂತಿದ್ದರೆ ಇನ್ನೂ ಎಚ್ಚರ ಬೇಕು, ಸುಳ್ಳು ಬಿಲ್ಲಿನ ಮೇಲೆ ನಿಮ್ಮ ಸಹಿ ಇದ್ದರೆ ಉತ್ತರ ಹೇಳಬೇಕಾದವರು ನೀವು.

ಐದನೆಯದು ಮನಸ್ಸಿಗೆ ಹೆಚ್ಚು ನೋವು ಕೊಡುವಂಥದ್ದು. ಮೊಬೈಲ್ ರೀಚಾರ್ಜ್ ಮಾಡಿಕೊಡುತ್ತೇನೆ, ಎಟಿಎಂನಿಂದ ದುಡ್ಡು ತಂದುಕೊಡುತ್ತೇನೆ ಎಂದು ಪಿನ್ ನಂಬರ್ ತಿಳಿದುಕೊಳ್ಳುವುದು. ವಯಸ್ಸಾದವರು ಕೊಟ್ಟುಬಿಡುತ್ತಾರೆ. ಯಾಕೆಂದರೆ ದಿನವಿಡೀ ಅವರ ಜೊತೆ ಮಾತಾಡುವ ಜೀವ ಅದೊಂದೇ.

ಹಾಗಾದರೆ ಏನು ಮಾಡಬೇಕು? ಒಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ಕು ತನ್ನಿ. ಮಂಚದ ಪಕ್ಕ ಇಡಿ. ದಿನಕ್ಕೊಂದು ಪುಟ: ಬಂದ ಸಮಯ, ಹೋದ ಸಮಯ, ಬಂದವರ ಹೆಸರು, ಕೊಟ್ಟ ಮಾತ್ರೆ, ಬಿಪಿ ಎಷ್ಟು, ಊಟ ಎಷ್ಟು ಹೋಯಿತು, ಎಷ್ಟು ಸಲ ಮಗ್ಗುಲು ಬದಲಾಯಿತು. ಕೆಳಗೆ ಅವರ ಸಹಿ, ಮನೆಯವರ ಸಹಿ. ರಾತ್ರಿ ಆ ಪುಟದ ಫೋಟೋ ಊರಲ್ಲಿಲ್ಲದ ಮಕ್ಕಳಿಗೆ. ದುಡ್ಡನ್ನು ತಿಂಗಳಿಗೆ ಮುಂಗಡವಾಗಿ ಕೊಡಬೇಡಿ, ವಾರಕ್ಕೊಮ್ಮೆ, ಕೆಲಸವಾದ ಮೇಲೆ ಕೊಡಿ. ಬ್ಯೂರೋ ಹೆಸರಿನ ಖಾತೆಗೆ ಹಾಕಿ ರಸೀದಿ ಕೇಳಿ. ಪರದೆಯ ಮೇಲೆ ಬೇರೆ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ. ಬರುವವರ ಆಧಾರ್ ಝೆರಾಕ್ಸ್ ಇಟ್ಟುಕೊಂಡು ಹತ್ತಿರದ ಪೊಲೀಸ್ ಠಾಣೆಗೆ ಮಾಹಿತಿ ಕೊಡಿ. ದಿನಕ್ಕೊಮ್ಮೆ, ಗೊತ್ತಾದ ಹೊತ್ತಿನಲ್ಲಲ್ಲದೆ ಬೇರೆ ಬೇರೆ ಹೊತ್ತಿನಲ್ಲಿ, ವಿಡಿಯೋ ಕಾಲ್ ಮಾಡಿ ಅಪ್ಪನ ಜೊತೆ ಮಾತಾಡಿ. “ಚೆನ್ನಾಗಿ ನೋಡ್ಕೊಳ್ತಾರಾ?” ಎಂದು ಅವರ ಎದುರಿಗೇ ಕೇಳಬೇಡಿ. “ಬೆಳಿಗ್ಗೆ ತಿಂಡಿ ಏನು, ಯಾರು ಬಂದಿದ್ದರು?” ಎಂದು ಕೇಳಿ. ಉತ್ತರದಲ್ಲೇ ಎಲ್ಲ ಗೊತ್ತಾಗುತ್ತದೆ.

ಇನ್ನು ಮೋಸ ಆಗಿಯೇ ಬಿಟ್ಟಿತು ಅನ್ನಿ. ಆ ಟೀಚರ್ ಹುಡುಗಿ ಮಾಡಿದ್ದನ್ನೇ ಹೇಳುತ್ತೇನೆ.

ಮೊದಲು ತಾಯಿಯನ್ನು ವೈದ್ಯರಿಗೆ ತೋರಿಸಿ, ಹುಣ್ಣಿನ ಬಗ್ಗೆ ತಾರೀಖು ಹಾಕಿ ಬರೆಸಿಕೊಂಡಳು. ದುಡ್ಡು ಆನ್‌ಲೈನಿನಲ್ಲಿ ಹೋಗಿದ್ದರಿಂದ 1930 ನಂಬರಿಗೆ ಫೋನ್ ಮಾಡಿ ದೂರು ಬರೆಸಿದಳು. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ದುಡ್ಡು ಹೋದ ಕೆಲವೇ ಗಂಟೆಗಳಲ್ಲಿ ಮಾಡಿದರೆ ಅದು ಮುಂದೆ ಸಾಗುವುದನ್ನು ತಡೆಯುವ ಅವಕಾಶ ಹೆಚ್ಚು. ಆಮೇಲೆ ಪೊಲೀಸ್ ಠಾಣೆ. ಅಲ್ಲಿ ಮೊದಲ ಮಾತು, “ಇದು ನಿಮ್ಮಿಬ್ಬರ ವ್ಯವಹಾರ, ಕೋರ್ಟಿಗೆ ಹೋಗಿ.” ಈ ಮಾತು ನಿಮಗೂ ಎದುರಾಗಬಹುದು. ಕೆಲಸ ಸರಿಯಾಗಿ ಮಾಡಲಿಲ್ಲ ಎಂದಷ್ಟೇ ಬರೆದರೆ ಅದು ವ್ಯವಹಾರದ ಜಗಳವಾಗುತ್ತದೆ. ಆದರೆ ನರ್ಸ್ ಎಂದು ಸುಳ್ಳು ಹೇಳಿ ದುಡ್ಡು ಪಡೆದ, ಒಂದೇ ನಂಬರಿನಲ್ಲಿ ಎರಡು ಊರಲ್ಲಿ ಎರಡು ಹೆಸರಿಟ್ಟುಕೊಂಡಿದ್ದಾನೆ, ಅಂದರೆ ಮೊದಲಿನಿಂದಲೂ ಮೋಸದ ಉದ್ದೇಶವೇ ಇತ್ತು, ಎಂದು ತೋರಿಸಿದರೆ ಅದು ವಂಚನೆಯ ಅಪರಾಧ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಇರುವುದು ಇದಕ್ಕೇ. ಆ ಎರಡನೇ ಊರಿನ ಸಾಕ್ಷಿ ಎಲ್ಲಿಂದ ಬರಬೇಕು? ಅತ್ತೆಯ ಕ್ಯಾಲೆಂಡರಿನ ಫೋಟೋ, ನಾನು ದುಡ್ಡು ಕಳಿಸಿದ ರಸೀದಿ, ನನ್ನದೊಂದು ಪತ್ರ. ವರ್ಷ ತಡವಾಗಿಯಾದರೂ ನಮ್ಮ ಲೆಕ್ಕ ಅಲ್ಲಿಗೆ ಹೋಗಿ ಸೇರಿತು. ದೂರು ದಾಖಲಾಯಿತು.

ದೂರದಲ್ಲಿರುವ ಮಕ್ಕಳು ಒಂದು ವಿಷಯ ನೆನಪಿಡಿ. ಘಟನೆ ನಾಸಿಕದಲ್ಲಾದರೂ ನೀವಿರುವ ಊರಿನ ಠಾಣೆಯಲ್ಲೇ ದೂರು ಕೊಡಬಹುದು. ಹೊಸ ಕಾನೂನಿನ ಪ್ರಕಾರ ಅವರು ದಾಖಲಿಸಿಕೊಂಡು ಆ ಠಾಣೆಗೆ ಕಳಿಸಬೇಕು. ಇದಕ್ಕೆ ಝೀರೋ ಎಫ್‌ಐಆರ್ ಎನ್ನುತ್ತಾರೆ. ಪ್ರತಿ ಉಚಿತ. ತಂದೆ ತಾಯಿಯ ಮೇಲೆ ಕೈ ಮಾಡುತ್ತಿದ್ದಾರೆ ಎಂಬ ಅನುಮಾನವಿದ್ದರೆ ಕಾಯಬೇಡಿ, ತಕ್ಷಣ 112. ಹಿರಿಯರಿಗೆಂದೇ ಇರುವ ಸಹಾಯವಾಣಿ 14567.

ದುಡ್ಡು ವಾಪಸು ಬೇಕು, ಆದ ತೊಂದರೆಗೆ ಪರಿಹಾರ ಬೇಕು ಅಂದರೆ ಗ್ರಾಹಕರ ದಾರಿ. ಮೊದಲು 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ದೂರು ಕೊಡುವವರು ವಾಸವಿರುವ ಊರಿನಲ್ಲೇ ಕೇಸು ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಆದರೆ ಎರಡು ವರ್ಷದೊಳಗೆ ಹಾಕಬೇಕು. ನರ್ಸಿನ ನೋಂದಣಿ ಸುಳ್ಳು ಎನಿಸಿದರೆ ನರ್ಸಿಂಗ್ ಕೌನ್ಸಿಲ್‌ಗೆ ಬರೆಯಿರಿ. ನಿಮ್ಮ ಹೆಸರಿನಲ್ಲಿ ಸುಳ್ಳು ಕ್ಲೇಮ್ ಹೋಗಿದ್ದರೆ ಮೊದಲು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ.

ದೂರಿನಲ್ಲಿ ಕೋಪ ಬರೆಯಬೇಡಿ, ಲೆಕ್ಕ ಬರೆಯಿರಿ. ಯಾವ ತಾರೀಖು, ಯಾರು, ಏನು ಹೇಳಿದರು, ಎಷ್ಟು ಕೊಟ್ಟೆವು, ಏನು ಆಯಿತು. ಅರ್ಧ ಪುಟ ಸಾಕು. ಜೊತೆಗೆ ಕಾರ್ಡು, ರಸೀದಿ, ಮೆಸೇಜುಗಳು, ನೋಟ್‌ಬುಕ್ಕಿನ ಪುಟಗಳು.

ಆ ಹುಡುಗಿಗೆ ಪೊಲೀಸರು ಅವನನ್ನು ಕರೆಸಿದ ಮೇಲೆ 40,000ದಲ್ಲಿ 25,000 ವಾಪಸು ಬಂತು. ಉಳಿದದ್ದಕ್ಕೆ, ಹುಣ್ಣಿನ ಚಿಕಿತ್ಸೆಗೆ ಆದ ಖರ್ಚಿಗೆ, ಗ್ರಾಹಕ ಆಯೋಗದಲ್ಲಿ ಕೇಸು ಹಾಕಿದ್ದಾಳೆ. ಅದು ನಡೆಯುತ್ತಿದೆ, ನಿಧಾನವಾಗಿ. ಎಲ್ಲ ಸಿಕ್ಕಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಆ ಮೊಬೈಲ್ ನಂಬರ್ ಈಗ ಪೊಲೀಸರ ಕಡತದಲ್ಲಿದೆ. ಮೂರನೇ ಊರಲ್ಲಿ ಮೂರನೇ ಹೆಸರಿನಲ್ಲಿ ಅಂಗಡಿ ತೆರೆಯುವುದು ಅವನಿಗೆ ಮೊದಲಿನಷ್ಟು ಸುಲಭವಲ್ಲ.

ಕೊನೆಯದಾಗಿ ಒಂದು ಮಾತು. ಇಷ್ಟೆಲ್ಲ ಕೇಳಿ, ಮನೆಗೆ ಬರುವ ಪ್ರತಿಯೊಬ್ಬರನ್ನೂ ಕಳ್ಳರಂತೆ ನೋಡಬೇಡಿ. ಬಟ್ಟೆ ಅಂಗಡಿಯ ಆ ಹುಡುಗಿಗೂ ಮೋಸವೇ ಆಗಿತ್ತಲ್ಲ. ನಮ್ಮ ಮಾವನಿಗೆ ಆಮೇಲೆ ಸಿಕ್ಕಿದ ಮಾವಶಿ, ಪಕ್ಕದ ಮನೆಯವರು ಹೇಳಿ ಕಳಿಸಿದವರು, ಅವರನ್ನು ಕೊನೆಯವರೆಗೂ ಸ್ವಂತ ತಂದೆಯಂತೆ ನೋಡಿಕೊಂಡರು. ಅಕ್ಷರ ಅಷ್ಟಾಗಿ ಬಾರದ ಹೆಂಗಸು. ಮೊದಲ ದಿನ ಅತ್ತೆ ಅಳುಕುತ್ತಲೇ ನೋಟ್‌ಬುಕ್ಕು ತೋರಿಸಿದರಂತೆ. ಆಕೆಗೆ ಬೇಜಾರಾಗಲಿಲ್ಲ. ಹಿಂದಿನ ಮನೆಯೊಂದರಲ್ಲಿ ಆರು ದಿನದ ಕೂಲಿ ಹಿಡಿದುಕೊಂಡು, ನೀನು ಬಂದಿರಲೇ ಇಲ್ಲ ಎಂದಿದ್ದರಂತೆ ಆಕೆಗೆ. ಅವತ್ತಿನಿಂದ ಪ್ರತಿ ಸಂಜೆ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುವ ಮೊದಲು ಆಕೆಯೇ ಕೇಳುತ್ತಿದ್ದರು: “ಕಾಕೂ, ಇವತ್ತಿನದು ಬರೆದಿರಾ?”

ಇವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಇನ್ನೊಂದು ಲೆಕ್ಕ ಶುರುಮಾಡಲಿ. ನಿಮ್ಮಲ್ಲಿ ಯಾರಾದರೂ ನನ್ನ ಹಾಗೆ ಹಳೆಯ ಮೋಸವೊಂದನ್ನು ನುಂಗಿಕೊಂಡು ಕೂತಿದ್ದರೆ, ಇನ್ನೂ ಎರಡು ವರ್ಷ ಕಳೆದಿಲ್ಲವಾದರೆ, 1915ಕ್ಕೆ ಒಂದು ಫೋನ್ ಮಾಡಿ.